ಒಂದೇ ಮಸಿ, ಎರಡು ಮನೆ

(ಮಾತನಾಡುತ್ತಿರುವವರು ಇಬ್ಬರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಮೇಷ್ಟ್ರು, ಮತ್ತು ಈಗ ಪುಸ್ತಕಗಳಿಗೆ ಮುಖಪುಟ ಮಾಡುವ ಅವರ ಹಳೆಯ ಶಿಷ್ಯೆ.)

– ಮೇಷ್ಟ್ರೇ, ಹೈಕು ಅನುವಾದದ ಪುಸ್ತಕವೊಂದಕ್ಕೆ ಮುಖಪುಟ ಮಾಡಬೇಕು. ಪ್ರಕಾಶಕರಿಗೆ ಜಪಾನಿನ ಹಳೆಯ ಚಿತ್ರವೇ ಬೇಕಂತೆ. ಮೂರು ಚಿತ್ರ ತಂದಿದ್ದೇನೆ, ಕೆಳಗಿನ ಹೆಸರು ಮುಚ್ಚಿದ್ದೇನೆ. ಯಾವುದು ಚೀನಾದ್ದು, ಯಾವುದು ಜಪಾನಿನದು, ನೀವೇ ಹೇಳಿ.

– ಈಗ ಪರೀಕ್ಷೆ ನನಗೋ? ಆಗಲಿ, ಕನ್ನಡಕ ಕೊಡು. ಇದು ಫಾನ್ ಕುವಾನ್. ಚೀನಾದ ಸಾಂಗ್ ರಾಜವಂಶದ ಕಾಲ, 1000ನೇ ಇಸವಿಯ ಆಸುಪಾಸು. ತೈಪೆಯ ಅರಮನೆ ಮ್ಯೂಸಿಯಂನಲ್ಲಿದೆ.

– ನೋಡಿದ ಕೂಡಲೇ ಹೇಳಿಬಿಟ್ಟಿರಿ!

– ಈ ಚಿತ್ರ ಗೊತ್ತಿಲ್ಲದಿದ್ದರೆ ನನಗೆ ಪೆನ್ಷನ್ ಕೊಡುವುದು ದಂಡ. ಅದಿರಲಿ, ನೀನು ಇದನ್ನು ಅಂಗೈಯಗಲದಲ್ಲಿ ನೋಡುತ್ತಿದ್ದೀಯ. ನಿಜವಾದದ್ದು ಎರಡು ಮೀಟರಿಗಿಂತ ಉದ್ದದ ರೇಷ್ಮೆ ಬಟ್ಟೆ, ಅಗಲ ಒಂದು ಮೀಟರ್ ಚಿಲ್ಲರೆ. ಮೇಲಿನ ಮೂರನೇ ಎರಡು ಭಾಗವನ್ನೆಲ್ಲ ಒಂದೇ ಬೆಟ್ಟ ಆಕ್ರಮಿಸಿದೆ. ಬಲಗಡೆ ಸೀಳಿನಲ್ಲಿ ಎಳೆದ ಬಿಳಿಗೆರೆ ಜಲಪಾತ. ಈಗ ಕೆಳಗೆ ಬಲಮೂಲೆಯನ್ನು ಹಿಗ್ಗಿಸು. ಏನು ಕಾಣುತ್ತದೆ?

– ಹೇಸರಗತ್ತೆಗಳು, ಮೇಲೆ ಹೇರು. ಹೊಡೆದುಕೊಂಡು ಹೋಗುವವರೂ ಇದ್ದಾರೆ. ಅಬ್ಬಾ, ಎಷ್ಟು ಸಣ್ಣಕ್ಕೆ!

– ಆ ಗುಂಪಿನ ಹಿಂದೆ, ಎಲೆಗಳ ಸಂದಿಯಲ್ಲಿ ಫಾನ್ ಕುವಾನ್ ತನ್ನ ಹೆಸರನ್ನು ಬಚ್ಚಿಟ್ಟಿದ್ದಾನೆ. ಅದು ಮ್ಯೂಸಿಯಂನ ವಿದ್ವಾಂಸರೊಬ್ಬರ ಕಣ್ಣಿಗೆ ಬಿದ್ದದ್ದು 1958ರಲ್ಲಿ. ಒಂಬೈನೂರು ವರ್ಷಕ್ಕಿಂತ ಹೆಚ್ಚು ಕಾಲ ಜನ ಈ ಚಿತ್ರವನ್ನು ನೋಡಿ ಹೊಗಳಿದ್ದಾರೆ, ಸಹಿ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಇನ್ನು ಬಂಡೆಯ ಮೈ ನೋಡು. ಸಣ್ಣ ಸಣ್ಣದಾಗಿ ಕುಂಚ ಕುಟ್ಟಿದ್ದಾನೆ. ಅದಕ್ಕೆ ಅಲ್ಲಿಯವರು ಮಳೆಹನಿ ಗೀರು ಅನ್ನುತ್ತಾರೆ. ಸೆಣಬಿನ ನಾರಿನ ಗೀರು, ಕೊಡಲಿ ಏಟಿನ ಗೀರು ಅಂತ ಬೇರೆ ಬೇರೆ ಉಂಟು. ಬೆಟ್ಟ ಬರೆಯಲು ಹೊರಟವನು ಮೊದಲು ಇವನ್ನು ತಿದ್ದಬೇಕು.

– ಸರಿ, ಎರಡನೆಯದು. ಇದು ನಿಮ್ಮನ್ನು ಸಿಕ್ಕಿಸಲಿಕ್ಕೆಂದೇ ತಂದದ್ದು.

– ಗೊತ್ತು. ಆರು ಪರ್ಸಿಮನ್ ಹಣ್ಣು. ಈ ಪ್ರಶ್ನೆಗೆ ಎರಡು ಉತ್ತರ ಇದೆ, ಎರಡಕ್ಕೂ ಪೂರ್ತಿ ಅಂಕ ಕೊಡಬೇಕು. ಬರೆದವನು ಮುಚಿ, 13ನೇ ಶತಮಾನದ ಚೀನೀ ಭಿಕ್ಷು. ಹಾಂಗ್‌ಝೌ ಊರಿನ ಪಶ್ಚಿಮ ಸರೋವರದ ಕಡೆ ಮಠದಲ್ಲಿದ್ದವನು. ಚಿತ್ರ ಇರುವುದು ಕ್ಯೋಟೊದ ದೈತೊಕುಜಿ ದೇವಾಲಯದಲ್ಲಿ. ಜಗತ್ತಿನಲ್ಲಿ ಝೆನ್ ಚಿತ್ರ ಅಂದರೆ ಮೊದಲು ಅಚ್ಚಾಗುವುದು ಇದೇ.

– ಆದರೆ ಚೀನಾದಲ್ಲಿ ಮುಚಿಯನ್ನು ಯಾರೂ ಕೇಳಲಿಲ್ಲವಂತೆ?

– ಕೇಳಲಿಲ್ಲ ಅಂತಲ್ಲ, ಬೈದರು. 14ನೇ ಶತಮಾನದ ಅಲ್ಲಿಯ ಕಲಾಪಂಡಿತರು ಇವನ ಕೆಲಸ ಒರಟು, ಹಿಂದಿನವರ ಪದ್ಧತಿ ಇಲ್ಲ, ರಸಿಕರು ಇಟ್ಟುಕೊಳ್ಳುವ ಮಾಲಲ್ಲ ಎಂಬರ್ಥದಲ್ಲಿ ಬರೆದಿಟ್ಟಿದ್ದಾರೆ. ಅದೇ ಹೊತ್ತಿಗೆ ಹಾಂಗ್‌ಝೌ ಮಠಗಳಿಗೆ ಧ್ಯಾನ ಕಲಿಯಲು ಹೋದ ಜಪಾನೀ ಭಿಕ್ಷುಗಳು, ವ್ಯಾಪಾರದ ಹಡಗಿನವರು ಇವನ ಚಿತ್ರ ಕಟ್ಟಿಕೊಂಡು ಬಂದರು. ಜಪಾನ್ ಆಳುತ್ತಿದ್ದ ಅಶಿಕಾಗಾ ಶೋಗುನರ ಚೀನೀ ಚಿತ್ರಸಂಗ್ರಹದಲ್ಲಿ ದೊಡ್ಡ ಪಾಲು ಮುಚಿಯ ಹೆಸರಿನವೇ. ಅವರ ಬಾಯಲ್ಲಿ ಅವನು ಮೊಕ್ಕೆಯಿ ಆದ. ಇವತ್ತು ಮುಚಿಯ ಒಳ್ಳೆಯ ಚಿತ್ರ ನೋಡಬೇಕಾದರೆ ಚೀನಾದವರೂ ಜಪಾನಿಗೇ ಹೋಗಬೇಕು.

– ಇದರಲ್ಲಿ ಏನಿದೆ ಅಂತ ಜಪಾನಿನವರು ಇಷ್ಟು ಹಚ್ಚಿಕೊಂಡರು?

– ನೋಡು, ಕಾಗದ ಒಂದು ಮೊಳದಷ್ಟೂ ಇಲ್ಲ. ಐದು ಹಣ್ಣು ಒಂದು ಸಾಲು, ಒಂದು ಮಾತ್ರ ಸಾಲು ಬಿಟ್ಟು ಮುಂದೆ ಬಂದಿದೆ. ನಡುವಿನದು ಕಡುಗಪ್ಪು. ಎರಡೂ ತುದಿಯವು ಬರೀ ಗೆರೆ, ಒಳಗೆ ಖಾಲಿ. ಹಣ್ಣು ದುಂಡಗೆ ಮೆತ್ತಗೆ. ತೊಟ್ಟು ಮಾತ್ರ ಅಕ್ಷರ ಬರೆದ ಹಾಗೆ ಚಕಚಕನೆ, ಕೋನ ಕೋನವಾಗಿ. ಹಣ್ಣು ಯಾವುದರ ಮೇಲಿದೆ? ಮೇಜಿಲ್ಲ, ನೆಲವಿಲ್ಲ, ನೆರಳಿಲ್ಲ. ಆದರೂ ಒಂದೂ ಗಾಳಿಯಲ್ಲಿ ತೇಲುವುದಿಲ್ಲ. ನಿನಗೆ ನಂಬಿಕೆ ಬರದಿದ್ದರೆ ಆ ಮುಂದಿನ ಹಣ್ಣನ್ನು ಬೆರಳಿನಿಂದ ಮುಚ್ಚು.

– ಉಳಿದ ಐದೂ ಜಾರಿದ ಹಾಗೆ ಆಯಿತು!

– ಅಷ್ಟೇ. ಜಪಾನಿನವರಿಗೆ ಬೇಕಾಗಿದ್ದದ್ದು ಅದು. ಚೀನೀ ಪಂಡಿತರಿಗೆ ಬೇಡವಾದದ್ದೂ ಅದೇ. ಅವರ ಕಣ್ಣು ಕುಂಚದ ವಂಶಾವಳಿ ಹುಡುಕುತ್ತದೆ, ಈ ಗೀರು ಯಾವ ಗುರುವಿನದು, ಯಾವ ಕಾಲದ್ದು ಅಂತ. ಮುಚಿಯಲ್ಲಿ ಅದು ಸಿಗುವುದಿಲ್ಲ.

– ಹಾಗಾದರೆ ಒಂದು ನಿಯಮ ಹೇಳಿ ಮೇಷ್ಟ್ರೇ. ಬಣ್ಣ ಇದ್ದರೆ ಜಪಾನು, ಬರೀ ಮಸಿಯಾದರೆ ಚೀನಾ ಅನ್ನುತ್ತಾರಲ್ಲ?

– ಅದು ಕ್ಯಾಲೆಂಡರ್ ಮಾರುವವರ ನಿಯಮ. ಬೀಜಿಂಗಿನ ಅರಮನೆ ಮ್ಯೂಸಿಯಂನಲ್ಲಿ ವಾಂಗ್ ಶಿಮೆಂಗ್ ಎಂಬ ಹುಡುಗ ಹದಿನೆಂಟರ ವಯಸ್ಸಿನಲ್ಲಿ, 1113ರಲ್ಲಿ ಮುಗಿಸಿದ ಸುರುಳಿ ಇದೆ. ಹೆಚ್ಚುಕಡಿಮೆ ಹನ್ನೆರಡು ಮೀಟರ್ ಉದ್ದ, ಉದ್ದಕ್ಕೂ ನೀಲಿ ಹಸಿರಿನ ಬೆಟ್ಟ. ಅಷ್ಟು ಬಣ್ಣ ಜಪಾನಿನ ಎಷ್ಟೋ ಚಿತ್ರಗಳಲ್ಲಿಲ್ಲ.

– ಹಾಗಿದ್ದರೆ ಖಾಲಿ ಜಾಗ? ಚೀನಾದವರು ತುಂಬುತ್ತಾರೆ, ಜಪಾನಿನವರು ಬಿಡುತ್ತಾರೆ.

– ಅದೂ ಸುಳ್ಳು. ಚಿತ್ರವನ್ನು ಒಂದು ಮೂಲೆಗೆ ತಳ್ಳಿ ಉಳಿದದ್ದನ್ನು ಮಂಜಿಗೆ ಬಿಟ್ಟವನು ಹಾಂಗ್‌ಝೌ ಆಸ್ಥಾನದ ಮಾ ಯುವಾನ್. ಅವನನ್ನು 'ಒಂದು ಮೂಲೆಯ ಮಾ' ಅಂತಲೇ ಕರೆಯುತ್ತಿದ್ದರು. ಜಪಾನಿನವರು ಖಾಲಿ ಜಾಗ ಕಲಿತದ್ದು ಇಂಥವರಿಂದ. ತುಂಬುವುದನ್ನು ನೋಡಬೇಕಾದರೆ ಜಪಾನಿನ ಕಾನೊ ಎಯ್ತೊಕುವನ್ನು ನೋಡು. ಚಿನ್ನದ ರೇಕಿನ ಮೇಲೆ ಎರಡು ಸಿಂಹ ನಡೆದು ಬರುತ್ತವೆ, ಪರದೆಗೆ ಉಸಿರಾಡಲು ಜಾಗವಿಲ್ಲ.

– ನೀವು ನಿಯಮ ಹೇಳುತ್ತಿಲ್ಲ, ಇದ್ದದ್ದನ್ನೂ ಒಡೆಯುತ್ತಿದ್ದೀರಿ.

– ಒಂದು ಹೇಳುತ್ತೇನೆ, ಒಪ್ಪುವುದು ಬಿಡುವುದು ನಿನಗೆ ಬಿಟ್ಟದ್ದು. ಮಸಿ ಎರಡೂ ಕಡೆ ಒಂದೇ. ಪೈನ್ ಮರದ ಅಥವಾ ಎಣ್ಣೆಯ ಕಾಡಿಗೆ, ಪ್ರಾಣಿಯ ಅಂಟು ಸೇರಿಸಿ ಅಚ್ಚು ಹೊಡೆದ ಕಡ್ಡಿ. ಕಲ್ಲಿನ ಮೇಲೆ ನೀರು ಹಾಕಿ ತೇಯುವುದು. ಕುಂಚ, ರೇಷ್ಮೆ, ಕಾಗದ ಎಲ್ಲ ಚೀನಾದಿಂದಲೇ ಜಪಾನಿಗೆ ಹೋದದ್ದು. ಬೇರೆಯಾದದ್ದು ಚಿತ್ರ ಇದ್ದ ಮನೆ, ಅದನ್ನು ನೋಡುತ್ತಿದ್ದ ಜನ. ಚೀನಾದಲ್ಲಿ ಓದುಬರಹದ ಅಧಿಕಾರಿವರ್ಗ ಚಿತ್ರವನ್ನು ಪೆಟ್ಟಿಗೆಯಲ್ಲಿ ಸುತ್ತಿಡುತ್ತಿತ್ತು. ನಾಲ್ಕು ಜನ ಗೆಳೆಯರು ಬಂದಾಗ ತೆಗೆದು, ಮೊಳ ಮೊಳವಾಗಿ ಬಿಚ್ಚಿ, ಮಾತಾಡಿ, ಮನಸ್ಸಾದರೆ ಅದರ ಮೇಲೆಯೇ ನಾಲ್ಕು ಸಾಲು ಬರೆದು ಮುದ್ರೆ ಒತ್ತಿ, ಮತ್ತೆ ಸುತ್ತಿಡುವುದು. ಹಾಗೆ ನೋಡಿದರೆ ಅದು ಪುಸ್ತಕದ ಬಾಳು.

– ಬೇರೆಯವರ ಚಿತ್ರದ ಮೇಲೆ ಬರೆಯುವುದೇ? ಹಾಳು ಮಾಡಿದ ಹಾಗಲ್ಲವೆ?

– ನಮಗೆ ಹಾಗನ್ನಿಸುತ್ತದೆ. ಅವರಿಗೆ ಯಾರ ಮುದ್ರೆ ಬಿದ್ದಿದೆ ಅನ್ನುವುದೇ ಚಿತ್ರದ ಕುಲಗೋತ್ರ. ಅತಿ ಮಾಡಿದವನೂ ಇದ್ದ, 18ನೇ ಶತಮಾನದ ಚಿಯಾನ್‌ಲೊಂಗ್ ಚಕ್ರವರ್ತಿ. ಹುವಾಂಗ್ ಗೊಂಗ್‌ವಾಂಗನ ಫುಚುನ್ ಬೆಟ್ಟಗಳ ಸುರುಳಿಯ ಕಥೆ ಕೇಳಿದ್ದೀಯಾ? 1350ರ ಚಿತ್ರ. ಕಲಾವಿದನಿಗೆ ಆಗ ಎಂಬತ್ತು ದಾಟಿತ್ತು. ಮುನ್ನೂರು ವರ್ಷದ ನಂತರ ಅದು ಇದ್ದ ಮನೆಯ ಯಜಮಾನ ಸಾಯುವಾಗ, ಈ ಚಿತ್ರ ನನ್ನ ಜೊತೆಗೇ ಬರಲಿ ಅಂತ ಬೆಂಕಿಗೆ ಹಾಕಿಸಿದ. ಸೋದರನ ಮಗ ಹೊರಗೆಳೆದ. ಅಷ್ಟರಲ್ಲಿ ಸುಟ್ಟು ಎರಡು ತುಂಡಾಗಿತ್ತು.

– ಅಯ್ಯೋ! ಚಕ್ರವರ್ತಿ ಎಲ್ಲಿ ಬಂದ?

– ತಡಿ ಮಾರಾಯ್ತಿ. 1745ರಲ್ಲಿ ಚಿಯಾನ್‌ಲೊಂಗನ ಕೈಗೆ ಇದೇ ಚಿತ್ರದ ನಕಲೊಂದು ಸಿಕ್ಕಿತು. ಅದನ್ನೇ ಅಸಲು ಎಂದು ನಂಬಿ ಹಿಗ್ಗಿದ. ಐವತ್ತಕ್ಕೂ ಹೆಚ್ಚು ಸಲ ಅದರ ಮೇಲೆ ಬರೆದ. ಆಕಾಶದಲ್ಲಿ ಖಾಲಿ ಬಿಟ್ಟಿದ್ದ ಜಾಗವೆಲ್ಲ ಅರಸರ ಅಕ್ಷರ. ಮರುವರ್ಷ ಅಸಲು ಬಂತು. ಇದು ನಕಲು ಎಂದು ತೀರ್ಪು ಕೊಟ್ಟು ಒಳಗಿಡಿಸಿದ. ಆ ತಪ್ಪು ತೀರ್ಪಿನಿಂದ ಅಸಲಿನ ಆಕಾಶ ಉಳಿಯಿತು. ಚಿಕ್ಕ ತುಂಡು ಹಾಂಗ್‌ಝೌನಲ್ಲಿ, ದೊಡ್ಡದು ತೈಪೆಯಲ್ಲಿ. 2011ರಲ್ಲಿ ಎರಡನ್ನೂ ತೈಪೆಯಲ್ಲಿ ಒಟ್ಟಿಗೆ ಇಟ್ಟಿದ್ದರು.

– ಹಾಗಾದರೆ ಜಪಾನಿನ ಮನೆ?

– ಅಲ್ಲಿ ಚಿತ್ರ ಮನೆಯ ಭಾಗವೇ. ಜಾರುಬಾಗಿಲ ಮೇಲೆ, ಮಡಿಸುವ ಪರದೆಗಳ ಮೇಲೆ. 16ನೇ ಶತಮಾನದ ಕೋಟೆಗಳಲ್ಲಿ ಒಳಕೋಣೆಗಳು ಕತ್ತಲು. ಸೇನಾಪತಿಗಳಿಗೆ ಬಂದವರು ಬೆರಗಾಗಬೇಕು. ಚಿನ್ನದ ರೇಕು ಹಾಕಿದರೆ ದೀಪದ ಬೆಳಕು ಇಡೀ ಕೋಣೆಗೆ ಹರಡುತ್ತದೆ. ಓದಿ ಅರ್ಥ ಮಾಡಿಕೊಳ್ಳಲು ಅಲ್ಲಿ ಯಾರಿಗೆ ಪುರಸೊತ್ತು? ಬಾಗಿಲು ದಾಟುವಾಗಲೇ ಕಣ್ಣಿಗೆ ಹೊಡೆಯಬೇಕು. ಅಂಥ ಸೇನಾಪತಿ ಓದಾ ನೊಬುನಾಗಾ ತನ್ನ ಅಝುಚಿ ಕೋಟೆಗೆ ಎಯ್ತೊಕುವಿನಿಂದ ಇಂಥದ್ದೇ ಕೆಲಸ ಮಾಡಿಸಿದ. 1582ರಲ್ಲಿ ನೊಬುನಾಗಾ ಸತ್ತ, ಕೋಟೆ ಸುಟ್ಟಿತು, ಗೋಡೆಗಳ ಜೊತೆ ಚಿತ್ರಗಳೂ ಹೋದವು. ಮನೆಯ ಭಾಗವಾಗಿದ್ದರೆ ಮನೆಯ ಗತಿಯೇ ಅದಕ್ಕೂ.

– ಅಂದರೆ ಅಲ್ಲಿ ಚಿತ್ರಕಾರ ಅಂದರೆ ಕಸುಬುದಾರ.

– ಹೌದು, ಅದರಲ್ಲಿ ಅವಮಾನವಿರಲಿಲ್ಲ. ಕಾನೊ ಮನೆತನ ಸುಮಾರು ನಾಲ್ಕು ಶತಮಾನ ಇದನ್ನೇ ಮಾಡಿತು. ಅಜ್ಜ, ಮಗ, ಮೊಮ್ಮಗ, ದತ್ತು ಬಂದವರು. ಚೀನಾದಲ್ಲಿ ದುಡ್ಡಿಗೆ ಬರೆಯುವವನಿಗೆ ಒಂದು ಮೆಟ್ಟಿಲು ಕೆಳಗೆ ಜಾಗ. ಮಿಂಗ್ ಕಾಲದ ಕೊನೆಗೆ ದೊಂಗ್ ಚಿಚಾಂಗ್ ಎಂಬ ಅಧಿಕಾರಿ ಹಿಂದಿನವರನ್ನೆಲ್ಲ ಉತ್ತರದವರು, ದಕ್ಷಿಣದವರು ಅಂತ ಎರಡು ಸಾಲು ಮಾಡಿದ. ದಕ್ಷಿಣದ ಸಾಲಿನಲ್ಲಿ ತನ್ನಂಥ ಓದಿದವರು, ಉತ್ತರದ ಸಾಲಿನಲ್ಲಿ ಕಸುಬಿನವರು. ಯಾರು ಎಲ್ಲಿ ಹುಟ್ಟಿದ್ದು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನನ್ನ ಕೇಳಿದರೆ ಇದು ಪಂಕ್ತಿಭೇದ. ಆದರೆ ಮುನ್ನೂರು ವರ್ಷ ಆ ಪಟ್ಟಿ ನಡೆಯಿತು.

– ಮೇಷ್ಟ್ರೇ, ಈಗ ನನ್ನ ಸರದಿ. ಚೀನಾದಲ್ಲಿ ಪರದೆ ಇರಲಿಲ್ಲವೆ? ದುನ್‌ಹುವಾಂಗ್ ಗುಹೆಗಳ ಗೋಡೆ ತುಂಬ ಚಿತ್ರ ಇದೆಯಲ್ಲ! ಜಪಾನಿನಲ್ಲಿ ಗೆಂಜಿ ಕಥೆಯ ಸುರುಳಿ ಇದೆ, 12ನೇ ಶತಮಾನದ್ದು. ನಿಮ್ಮ ಮನೆಯ ನಿಯಮ ಎರಡೂ ಕಡೆ ಸೋರುತ್ತದೆ.

– ಸೋರುತ್ತದೆ, ಒಪ್ಪಿದೆ. ಚೀನಾದ ಅರಮನೆಗಳಲ್ಲೂ ಪರದೆ, ಗೋಡೆಚಿತ್ರ ಬೇಕಾದಷ್ಟಿದ್ದವು. ಅರಮನೆಗಳ ಜೊತೆ ಹೋದವು. ಉಳಿದದ್ದು ಪೆಟ್ಟಿಗೆಯೊಳಗಿನ ಸುರುಳಿ, ಗ್ರಂಥ ಬರೆದವರೂ ಅದರ ಬಗ್ಗೆಯೇ ಬರೆದರು. ಗೆಂಜಿ ಸುರುಳಿಯ ಮಾತು ತೆಗೆದೆಯಲ್ಲ, ಅದನ್ನೇ ನೋಡೋಣ. ಫಾನ್ ಕುವಾನನ ನಂತರ ಬಂದ ಗುವೊ ಶಿ ಬೆಟ್ಟ ನೋಡಲು ಮೂರು ದೂರ ಹೇಳಿದ್ದಾನೆ. ಬುಡದಿಂದ ಮೇಲಕ್ಕೆ ನೋಡುವುದು, ಮುಂದಿನ ಬೆಟ್ಟದಿಂದ ಹಿಂದಿನದರ ಆಳಕ್ಕೆ ಇಣುಕುವುದು, ಹತ್ತಿರದ ಬೆಟ್ಟದಿಂದ ದೂರದ್ದಕ್ಕೆ ಸಮನಾಗಿ ನೋಡುವುದು. ಚಿತ್ರದೊಳಗೆ ನೋಡುವವನು ನಡೆಯುತ್ತಾನೆ ಎಂಬ ಲೆಕ್ಕ. ಗೆಂಜಿ ಚಿತ್ರಕಾರರು ಏನು ಮಾಡಿದರು? ಮನೆಯ ಛಾವಣಿಯನ್ನೇ ಕಿತ್ತು ಮೇಲಿನಿಂದ ಒಳಗೆ ನೋಡಿದರು. ಕಣ್ಣು ಒಂದು ಗೆರೆ, ಮೂಗು ಒಂದು ಕೊಕ್ಕೆ. ಮುಖದಲ್ಲಿ ದುಃಖ ತೋರಿಸುವುದಿಲ್ಲ. ಕೋಣೆಯ ತೊಲೆ, ಪರದೆ, ಚಾಪೆಯ ಅಂಚುಗಳನ್ನು ಓರೆಯಾಗಿಸಿ, ಮನುಷ್ಯರನ್ನು ಮೂಲೆಗೆ ಒತ್ತಿ ದುಃಖ ತೋರಿಸಿದರು. ಸುರುಳಿಯಾದರೂ ಅಲ್ಲಿ ಕಥೆ ಹೇಳುವುದು ಮನೆಯೇ.

– ಜಾಣತನದಿಂದ ತಪ್ಪಿಸಿಕೊಂಡಿರಿ. ಬುಸೊನ್? ಹೈಕು ಬರೆದ ಬುಸೊನ್ ಚೀನಾ ಪಂಡಿತರ ಹಾಗೆಯೇ ಚಿತ್ರ ಬರೆದನಲ್ಲ?

– ಅಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬುಸೊನ್, ಇಕೆ ನೊ ತೈಗಾ ಇಬ್ಬರೂ ಚೀನಾ ಪಂಡಿತರ ದಾರಿ ಹಿಡಿದವರು. 1771ರಲ್ಲಿ ಇಬ್ಬರೂ ಸೇರಿ ಒಂದು ಚೀನೀ ಕವಿತಾಗುಚ್ಛಕ್ಕೆ ಚಿತ್ರ ಬರೆದರು. ಆದರೆ ಆಗ ದೇಶ ಬಿಟ್ಟು ಹೋಗುವುದಕ್ಕೆ ಜಪಾನಿನಲ್ಲಿ ನಿಷೇಧ. ಇಬ್ಬರೂ ಚೀನಾ ಕಂಡವರಲ್ಲ. ನಾಗಸಾಕಿಗೆ ಹಡಗಿನಲ್ಲಿ ಬಂದ ಚಿತ್ರಗಳು, 'ಸಾಸಿವೆಕಾಳಿನ ತೋಟ' ಎಂಬ ಅಚ್ಚಾದ ಕೈಪಿಡಿ, ಇವೇ ಗುರು. ಓದಿ ಕಲಿತ ಚೀನಾ ಅದು. ನನಗಂತೂ ಮೂಲಕ್ಕಿಂತ ಹಗುರವಾಗಿ, ತಮಾಷೆಯಾಗಿ ಕಾಣುತ್ತದೆ.

– ಚೀನಾಕ್ಕೆ ಹೋಗಿ ಕಲಿತವರು ಯಾರೂ ಇಲ್ಲವೆ?

– ಸೆಶ್ಶು ಹೋಗಿದ್ದ, 1467ರಿಂದ 69ರವರೆಗೆ. ಬೀಜಿಂಗಿನವರೆಗೂ ಹೋಗಿ ಬಂದ. 1495ರಲ್ಲಿ ಶಿಷ್ಯನೊಬ್ಬನಿಗೆ ಬರೆದುಕೊಟ್ಟ ಚಿತ್ರದ ಮೇಲೆ ಆ ಪ್ರವಾಸದ ಮಾತು ಬರೆದಿದ್ದಾನೆ. ಚೀನಾದಲ್ಲಿ ಕಲಿತದ್ದೂ ಉಂಟು, ಆದರೆ ಅಲ್ಲಿಗೆ ಹೋದ ಮೇಲೆಯೇ ನಮ್ಮೂರಿನ ನನ್ನ ಗುರುಗಳು ಎಷ್ಟು ದೊಡ್ಡವರು ಅಂತ ತಿಳಿಯಿತು ಎಂಬುದು ಅದರ ಸಾರಾಂಶ. ಆ ಚಿತ್ರ ನೋಡು, ಮಸಿ ಚೆಲ್ಲಿದ ಹಾಗಿದೆ. ಆ ಕಲೆಯ ಬುಡದಲ್ಲಿ ನಾಲ್ಕು ಗೆರೆಯ ಹೆಂಡದಂಗಡಿ, ಪಕ್ಕದಲ್ಲಿ ಒಂದು ದೋಣಿ. ಅವು ಕಂಡ ಮೇಲೆ ಕಲೆ ಬೆಟ್ಟವಾಗುತ್ತದೆ.

– ಮೂರನೆಯದು ಹಾಗೇ ಉಳಿಯಿತು.

– ಹಸೆಗಾವಾ ತೊಹಾಕು, ಪೈನ್ ಮರಗಳು. ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂ. ಪ್ರಕಾಶಕರು ಕೇಳಿದ ಅಪ್ಪಟ ಜಪಾನ್ ಇದು. ತಮಾಷೆ ಏನೆಂದರೆ ತೊಹಾಕು ದೈತೊಕುಜಿಯಲ್ಲಿ ನೋಡಿ ಕಲಿತದ್ದು ಮುಚಿಯನ್ನು. ಮುಚಿಯ ಮಂಗಗಳನ್ನು ನೋಡಿ ತಾನೂ ಮಂಗಗಳನ್ನು ಬರೆದ.

– ಆದರೆ ಇಲ್ಲಿ ಮುಚಿ ಕಾಣುವುದಿಲ್ಲ.

– ಮಂಜು ಮುಚಿಯದು, ಅಳತೆ ಜಪಾನಿನದು. ಎರಡು ಪರದೆ, ಒಂದೊಂದಕ್ಕೆ ಆರು ಮಡಿಕೆ, ಒಂದೊಂದೂ ಮೂರೂವರೆ ಮೀಟರ್ ಅಗಲ. ಹತ್ತಿರದಿಂದ ನೋಡಿದರೆ ಪೈನ್ ಇಲ್ಲವೇ ಇಲ್ಲ. ಒರಟು ಕುಂಚದಿಂದ ಮೇಲಿಂದ ಕೆಳಕ್ಕೆ ಬಾರಿಸಿದ ಗೀರುಗಳು, ಕೆಲವು ಕಡೆ ಸಿಟ್ಟಿನಲ್ಲಿ ಹೊಡೆದ ಹಾಗೆ. ಹಿಂದೆ ಸರಿದರೆ ಮರಗಳು ಮಂಜಿನಿಂದ ಬರುತ್ತವೆ. ಕಾಗದದ ಜೋಡಣೆ ಸರಿಯಾಗಿಲ್ಲ, ಇದು ಜಾರುಬಾಗಿಲಿಗೆ ಮಾಡಿಕೊಂಡ ಕಚ್ಚಾ ಪ್ರತಿ ಇರಬಹುದು ಅನ್ನುವವರಿದ್ದಾರೆ. ಇನ್ನೊಂದು ಮಾತು. ಪರದೆ ನೇರ ನಿಲ್ಲುವುದಿಲ್ಲ, ಅಂಕುಡೊಂಕಾಗಿ ನಿಲ್ಲುತ್ತದೆ. ಚಾಪೆಯ ಮೇಲೆ ಕೂತವನಿಗೆ ಒಂದು ಮಡಿಕೆಯ ಮರ ಮುಂದೆ, ಇನ್ನೊಂದರದ್ದು ಹಿಂದೆ. ನೀನು ಇದನ್ನು ಚಪ್ಪಟೆ ಮಾಡಿ ಮುಖಪುಟಕ್ಕೆ ಹಾಕಿದರೆ ಅರ್ಧ ಮಂಜು ಅಲ್ಲಿಯೇ ಹೋಯಿತು.

– ಕೊರಿನನ ಐರಿಸ್ ಹೂಗಳಿಗೂ ಇದೇ ಮಾತೇ?

– ಇನ್ನೂ ಹೆಚ್ಚು. ಒಗಾತಾ ಕೊರಿನ್ ಕ್ಯೋಟೊದ ಜವಳಿ ಅಂಗಡಿಯ ಹುಡುಗ. ಇಡೀ ಪರದೆ ಚಿನ್ನ, ಮೇಲೆ ನೀಲಿ ಹೂ, ಹಸಿರು ಎಲೆ, ಅಷ್ಟೇ. ಗಮನವಿಟ್ಟು ನೋಡಿದರೆ ಕೆಲವು ಗೊಂಚಲು ಯಥಾವತ್ತು ಮತ್ತೆ ಬಂದಿವೆ. ಬಟ್ಟೆಗೆ ಅಚ್ಚು ಹಾಕುವವರ ಹಾಗೆ ಕೊರೆದ ಕಾಗದ ಇಟ್ಟುಕೊಂಡು ಮಾಡಿದ್ದು. ಹಳೆಯ ಕಥೆಯೊಂದರಲ್ಲಿ ಎಂಟು ಹಲಗೆಯ ಸೇತುವೆಯ ಹತ್ತಿರ ಈ ಹೂಗಳು ಬರುತ್ತವೆ. ಕೊರಿನ್ ಈ ಪರದೆಯಲ್ಲಿ ಸೇತುವೆ ಬಿಟ್ಟುಬಿಟ್ಟ. ಗೊತ್ತಿದ್ದವರಿಗೆ ಗೊತ್ತು. ಆ ನೀಲಿ ಹಸಿರು ಎರಡೂ ಅರೆದ ಖನಿಜ, ಆಗ ಹೇಳಿದೆನಲ್ಲ ವಾಂಗ್ ಶಿಮೆಂಗ್, ಅವನು ಬಳಸಿದ್ದೂ ಅವೇ ಕಲ್ಲು. ಅವನು ಅದರಲ್ಲಿ ಇಡೀ ಸಾಮ್ರಾಜ್ಯದ ಬೆಟ್ಟ, ಸೇತುವೆ, ದೋಣಿ, ಮನೆ ಬರೆದ. ಇವನು ಒಂದು ಹೂವಿನ ಸಾಲು.

– ನಮ್ಮ ಕಡೆಗೆ ಇದೆಲ್ಲ ಬಂದದ್ದುಂಟಾ?

– ಸುತ್ತಿ ಬಳಸಿ ಬಂದದ್ದುಂಟು. 1903ರಲ್ಲಿ ಯೊಕೊಯಾಮಾ ತೈಕಾನ್, ಹಿಶಿದಾ ಶುನ್‌ಸೊ ಎಂಬ ಇಬ್ಬರು ಜಪಾನೀ ಕಲಾವಿದರು ಕಲ್ಕತ್ತೆಗೆ ಬಂದಿದ್ದರು. ತೈಕಾನ್ ಚಿತ್ರದ ಮೇಲೆ ಅಗಲ ಕುಂಚದಿಂದ ನೀರಾಡಿಸುವುದನ್ನು ಅವನೀಂದ್ರನಾಥ ಠಾಕೂರರು ನೋಡಿದರು. ತಾವು ಕಾಗದವನ್ನೇ ನೀರಿನಲ್ಲಿ ಅದ್ದತೊಡಗಿದರು. ಅದೇ ಬಂಗಾಳದ ವಾಶ್ ಪದ್ಧತಿ. ಅವರ ಕೈಕೆಳಗೆ ಕಲಿತವರಲ್ಲಿ ಮೈಸೂರಿನಿಂದ ಹೋದ ನಮ್ಮ ಕೆ. ವೆಂಕಟಪ್ಪನವರೂ ಒಬ್ಬರು. ಆದರೆ ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಲ್ಲಿ ಅವರ ಊಟಿ, ಕೊಡೈಕನಾಲ್ ಚಿತ್ರಗಳನ್ನು ನೋಡು. ಮಂಜು ಬರೆದರೂ ಅಂಚು ಸ್ಪಷ್ಟ, ಎಲೆ ಎಣಿಸಬಹುದು. ಗುರುಗಳ ಮಬ್ಬನ್ನು ಅವರು ಪಕ್ಕಕ್ಕಿಟ್ಟರು.

– ಜಪಾನಿನಿಂದ ಚೀನಾಕ್ಕೆ ತಿರುಗಿ ಏನೂ ಹೋಗಲಿಲ್ಲವೆ?

– ಹೋಯಿತು. 20ನೇ ಶತಮಾನದಲ್ಲಿ ಕ್ಯಾಂಟನ್ನಿನ ಗಾವೊ ಜಿಯಾನ್‌ಫು, ಆಮೇಲೆ ಫು ಬಾವ್‌ಶಿ, ಇಬ್ಬರೂ ಟೋಕಿಯೊದಲ್ಲಿ ಕಲಿತು ಬಂದವರು. ಸಾಲ ತೀರಿತೋ ಬಡ್ಡಿ ಬೆಳೆಯಿತೋ, ಲೆಕ್ಕ ಹಾಕುವವರು ಹಾಕಲಿ.

– ಇವನ್ನೆಲ್ಲ ಒಮ್ಮೆ ಕಣ್ಣಾರೆ ನೋಡಬೇಕು ಮೇಷ್ಟ್ರೇ. ಹೋದರೆ ಸಿಗುತ್ತವೆಯೇ?

– ಸುಮ್ಮನೆ ಹೋದರೆ ಸಿಗುವುದಿಲ್ಲ. ರೇಷ್ಮೆ, ಕಾಗದ ಎರಡಕ್ಕೂ ಬೆಳಕು ಶತ್ರು. ಫಾನ್ ಕುವಾನನ ಬೆಟ್ಟವನ್ನು ತೈಪೆಯವರು ಕೆಲವು ವರ್ಷಕ್ಕೊಮ್ಮೆ, ಕೆಲವೇ ವಾರ ಹೊರಗಿಡುತ್ತಾರೆ. ತೊಹಾಕುವಿನ ಪೈನ್ ಸಾಮಾನ್ಯವಾಗಿ ಜನವರಿಯ ಮೊದಲ ದಿನಗಳಲ್ಲಿ. ಕೊರಿನನ ಹೂಗಳನ್ನು ಟೋಕಿಯೊದ ನೆಝು ಮ್ಯೂಸಿಯಂನವರು ತಮ್ಮ ತೋಟದಲ್ಲಿ ಐರಿಸ್ ಅರಳುವ ಏಪ್ರಿಲ್–ಮೇ ಹೊತ್ತಿಗೆ ಇಡುತ್ತಾರೆ. ಮುಚಿಯ ಹಣ್ಣುಗಳು ದೇವಾಲಯದ ಸ್ವತ್ತು, ಹೊರಗೆ ಬರುವುದೇ ಅಪರೂಪ. ಅಮೆರಿಕಕ್ಕೆ ಮೊದಲ ಸಲ ಹೋದದ್ದು 2023ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊಗೆ. ವಿಮಾನದ ಟಿಕೆಟ್ ತೆಗೆಯುವ ಮೊದಲು ಮ್ಯೂಸಿಯಂನ ಆ ತಿಂಗಳ ಪಟ್ಟಿ ನೋಡಿಕೋ.